ಅಕುಶಲ, ಮಹಾಪ್ರಭು

ಹನ್ನೆರಡನೇ ತಾರೀಖು, ಭಾನುವಾರ, ಮಧ್ಯಾಹ್ನ

ಪರಮಪೂಜ್ಯ ಅಕ್ಕನವರ ಸನ್ನಿಧಾನಕ್ಕೆ, ತಮ್ಮ ಏಕೈಕ ತಂಗಿಯೂ ಈ ಮನೆಯ ಕಾಯಂ ತರಲೆಯೂ ಆದ ನಾನು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ವಿಷಯ: ಉತ್ತರ ಬರೆಯಲು ಆದ ವಿಳಂಬವನ್ನು ಮನ್ನಿಸುವ ಬಗ್ಗೆ.
ಉಲ್ಲೇಖ: ತಮ್ಮ ಮೂರು ಪತ್ರಗಳು. ಮೂರನೆಯದರಲ್ಲಿ ಇದ್ದದ್ದು "ಬದುಕಿದ್ದೀಯೇನೇ?" ಎಂಬ ಒಂದೇ ಸಾಲು.

ಬದುಕಿದ್ದೇನೆ ಅಕ್ಕ. ಅಮ್ಮನೂ ಗಟ್ಟಿಯಾಗಿದ್ದಾಳೆ. ಅವಳ ಮಂಡಿನೋವಿಗೆ ಬಲಗಾಲಿನಿಂದ ಎಡಗಾಲಿಗೆ ವರ್ಗವಾಗಿದೆ, ಬಡ್ತಿ ಸಮೇತ. ನಿನ್ನ ಮಗಳಿಗೆ ಎರಡು ಹಲ್ಲು ಬಂದ ಸುದ್ದಿ ಓದಿದವಳೇ ಇಡೀ ಬೀದಿಗೆ ಸಾರಿಬಂದಳು. ಎದುರಿನ ಇಸ್ತ್ರಿ ಅಂಗಡಿಯವರು "ಎರಡೇನಾ?" ಎಂದರಂತೆ. ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟಿದ್ದಾಳೆ. ನಮ್ಮ ಬಟ್ಟೆಗಳೆಲ್ಲ ಈಗ ಸುಕ್ಕುಸುಕ್ಕಾಗಿವೆ, ಆದರೆ ವಂಶದ ಮರ್ಯಾದೆ ಉಳಿದಿದೆ. ನೀನು ಮಲಗುತ್ತಿದ್ದ ಕಿಟಕಿ ಪಕ್ಕದ ಜಾಗ ನನಗೆ ಸಿಕ್ಕಿದೆ. ನಿನ್ನ ತಗಡಿನ ಪೆಟ್ಟಿಗೆಯ ಮೇಲೆಯೇ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಇಷ್ಟು ಸುದ್ದಿ ಹೇಳುವುದಕ್ಕೆ ಒಂದು ತಿಂಗಳು ಬೇಕಾಗಿರಲಿಲ್ಲ ಅಂತ ನನಗೂ ಗೊತ್ತು. ನೀನು ಕೇಳಿದ್ದು ಅಮ್ಮನ ಮಂಡಿಯನ್ನಲ್ಲ. ಇನ್‌ಸ್ಪೆಕ್ಟರ್ ಬಂದರಾ, ಕಾಲರಕ್ಕ ಏನು ಹೇಳಿದರು, ಅವರ ಕೆಲಸ ಆಯಿತಾ ಅಂತ ಕೇಳಿದ್ದೆ. ಈ ವಾರದಲ್ಲೇ ನಾಲ್ಕು ಸಲ ಬರೆಯಲು ಕೂತೆ. ನಾಲ್ಕು ಸಲವೂ ಎಲ್ಲರಂತೆ "ಇಲ್ಲಿ ಎಲ್ಲರೂ ಕುಶಲ" ಎಂದು ಶುರು ಮಾಡಿ, ಆ ಪದದ ಮುಖ ನೋಡಲಾರದೆ ಹಾಳೆ ಹರಿದೆ. ಅದೇಕೆಂದು ಮೊದಲಿನಿಂದ ಹೇಳುತ್ತೇನೆ. ನೀನು ಫ್ಯಾಕ್ಟರಿ ಬಿಟ್ಟು ಒಂದು ವರ್ಷವಾಯಿತು. ನಾನು ಆಗಾಗ ಬರೆದದ್ದರಲ್ಲಿ ಅರ್ಧ ಸುದ್ದಿ, ಅರ್ಧ ನನ್ನ ಒಗ್ಗರಣೆ.

ನಮ್ಮ ನೋಟಿಸ್ ಬೋರ್ಡ್ ನೆನಪಿದೆಯಲ್ಲ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಹಿಂದೆ, ಯಾರ ಕಣ್ಣಿಗೂ ಬೀಳದಿರಲಿ ಎಂದೇ ಹೊಡೆದದ್ದು? ಎರಡು ತಿಂಗಳ ಹಿಂದೆ ಊಟದ ಬಿಡುವಿನಲ್ಲಿ ಅಲ್ಲೊಂದು ಹೊಸ ಕಾಗದ ಕಂಡೆ. ಗಾರ್ಮೆಂಟ್ಸ್ ಕೆಲಸಗಾರರ ಕನಿಷ್ಠ ವೇತನ ಹೆಚ್ಚಿಸಿ ಸರ್ಕಾರ ಹೊರಡಿಸಿದ ಅಧಿಸೂಚನೆ. ಅಂಥ ಭಾಷೆ ಕಂಡರೆ ನನ್ನ ನಾಲಿಗೆ ತುರಿಸುತ್ತದೆ. ಸ್ಟೂಲ್ ಹತ್ತಿದೆ. ಕೊರಳಲ್ಲಿದ್ದ ಅಳತೆ ಟೇಪನ್ನು ಮೂಗಿನ ಕೆಳಗೆ ಮೀಸೆಯಂತೆ ಹಿಡಿದುಕೊಂಡೆ. ನಾಟಕದ ಮಹಾರಾಜನ ದನಿಯಲ್ಲಿ ಶುರು ಮಾಡಿದೆ: "ಈ ಮೂಲಕ ಸಕಲ ಪ್ರಜೆಗಳಿಗೂ ತಿಳಿಯಪಡಿಸುವುದೇನೆಂದರೆ, ಮೆಷಿನ್ ಮೇಲೆ ಹೊಲಿಯುವವರು ಕುಶಲರು! ಗುಂಡಿ ಹಾಕುವವರು, ಚೆಕಿಂಗ್ ಮಾಡುವವರು ಅರೆಕುಶಲರು! ದಾರ ಕತ್ತರಿಸುವ, ಬಂಡಲ್ ಹೊರುವ ಹೆಲ್ಪರ್‌ಗಳು ಅಕುಶಲರು! ಅಂದರೆ ಸ್ಟೂಲ್ ಹತ್ತಿರುವ ಖುದ್ದು ಈ ಮಹಾರಾಜರು!"

ಎಲ್ಲರೂ ನಕ್ಕರು. ಕಾಲರಕ್ಕ ನಗಲಿಲ್ಲ. ಒಂಬತ್ತು ವರ್ಷದಿಂದ ಕಾಲರ್ ಬಿಟ್ಟು ಬೇರೇನೂ ಹೊಲಿಯದ, ಆರು ವರ್ಷ ನಿನ್ನ ಪಕ್ಕದ ಮೆಷಿನ್‌ನಲ್ಲಿ ಕೂತ ನಿನ್ನ ಗೆಳತಿ, ಊಟದ ಡಬ್ಬಿ ಮುಚ್ಚಿ ಎದ್ದು ಬಂದರು.

"ಲೇ, ಇನ್ನೊಂದ್ಸಲ ಓದು. ಕುಣೀಬೇಡ, ಸುಮ್ನೆ ಓದು."

ಸುಮ್ಮನೆ ಓದಿದೆ.

"ಹಾಗಾದ್ರೆ ನಾನ್ಯಾರೇ?"

"ನೀವು ಕುಶಲ ಕಣಕ್ಕ. ಒಂಬತ್ತು ವರ್ಷದ ಮಹಾಕುಶಲ."

"ಮತ್ತೆ ನನ್ನ ಸಂಬಳದ ಚೀಟೀಲಿ ಹೆಲ್ಪರ್ ಅಂತಿದೆಯಲ್ಲ?"

ಒಬ್ಬೊಬ್ಬರೇ ಚೀಟಿ ತೆಗೆದರು. ನಮ್ಮ ಲೈನಿನಲ್ಲಿ ಮೆಷಿನ್ ಮೇಲೆ ಕೂರುವ ಹನ್ನೆರಡು ಜನ, ಹನ್ನೆರಡು ಚೀಟಿಯಲ್ಲೂ ಹೆಲ್ಪರ್. ಕೆಲಸಕ್ಕೆ ಸೇರಿದ ದಿನ ಬರೆದದ್ದು, ಆಮೇಲೆ ತಿದ್ದಿಲ್ಲ. ಮನೆಗೆ ಬಂದು ಈ ಪೆಟ್ಟಿಗೆ ತೆಗೆದು ನಿನ್ನ ಹಳೆಯ ಚೀಟಿ ನೋಡಿದೆ. ಆರು ವರ್ಷ ಕಫ್ ಹೊಲಿದ ನೀನೂ ಹೆಲ್ಪರ್. ಕೆಲಸ ಬಿಡುವಾಗ ನಿನ್ನ ಕೈಗೆ ಕೊಟ್ಟ ದುಡ್ಡೂ ಹೆಲ್ಪರ್ ಲೆಕ್ಕದ್ದೇ.

ಕಾಲರಕ್ಕನಿಗೆ ಇದು ಬರೀ ಪದದ ಪ್ರಶ್ನೆಯಲ್ಲ. ನಿನಗೆ ಅವರು ಬರೆದಿರಲಿಕ್ಕಿಲ್ಲ, ಅವರ ಕಣ್ಣು ಮಂಜಾಗುತ್ತಿದೆ. ಆರು ತಿಂಗಳಿಂದ ಅವರ ಸೂಜಿಗೆ ದಾರ ಪೋಣಿಸುವುದು ನಾನೇ, ಯಾರಿಗೂ ಕಾಣದ ಹಾಗೆ. ಕಾಲರಿನ ಎರಡು ತುದಿ ಒಂದು ನೂಲು ಹೆಚ್ಚುಕಮ್ಮಿಯಾದರೂ ಪೀಸ್ ವಾಪಸ್ ಬರುತ್ತದೆ. ಹೆಚ್ಚೆಂದರೆ ಇನ್ನೊಂದು ವರ್ಷ ದೂಡಬಹುದು. ಆಮೇಲೆ ಲೆಕ್ಕ ಚುಕ್ತಾ ಮಾಡಿ ಕಳಿಸುತ್ತಾರೆ. ಆ ಲೆಕ್ಕ ಹಾಕುವುದು ಕೊನೆಯ ಸಂಬಳದ ಮೇಲೆ. ಅಷ್ಟರೊಳಗೆ ರಿಜಿಸ್ಟರ್ ತಿದ್ದಿದರೆ ಟೈಲರ್ ಆಗಿ ಹೊರಗೆ ಹೋಗುತ್ತಾರೆ, ಇಲ್ಲದಿದ್ದರೆ ಹೆಲ್ಪರ್ ಆಗಿ. ಮುಂದಿನ ಬದುಕೆಲ್ಲ ಆ ದುಡ್ಡಿನಲ್ಲೇ ನಡೆಯಬೇಕು.

ಹನ್ನೆರಡು ಜನರ ಸಹಿ ಹಾಕಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು. ಬರೆದವಳು ನಾನು. "ನಿಂಗೆ ಸರ್ಕಾರದ ಭಾಷೆ ಚೆನ್ನಾಗಿ ಬರುತ್ತೆ" ಎಂದು ಕಾಲರಕ್ಕ ಬೆನ್ನು ತಟ್ಟಿದರು. ಇಷ್ಟು ದಿನ ಎಲ್ಲರನ್ನೂ ಆಡಿಕೊಳ್ಳಲು ಬಳಸಿದ ಭಾಷೆಯಿಂದ ಒಂದು ಕೆಲಸವೂ ಆಗುತ್ತದೆ ಅಂತ ಅವತ್ತೇ ಗೊತ್ತಾದದ್ದು. ನಾಲ್ಕು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಈ ನಡುವೆ ಲೈನಿನಲ್ಲಿ ಒಂದು ಆಟ ಹುಟ್ಟಿತು. ಹೆತ್ತವಳು ನಾನು. ಬೆಳಗ್ಗೆ ದಾರ ಸುತ್ತಿದ ಬಾಬಿನ್‌ಗಳ ತಟ್ಟೆ ಹಿಡಿದು ಒಂದೊಂದೇ ಮೆಷಿನ್ ಮುಂದೆ ನಿಲ್ಲುತ್ತಿದ್ದೆ. ಟೇಪಿನ ಮೀಸೆ ಇಟ್ಟು, ಸೊಂಟ ಬಗ್ಗಿಸಿ, "ತಾಯೀ, ಕುಶಲವೇ?" ಎನ್ನುತ್ತಿದ್ದೆ. ಅವರು ಕೈಮುಗಿದು "ಅಕುಶಲ, ಮಹಾಪ್ರಭು!" ಎನ್ನುತ್ತಿದ್ದರು. ಇಡೀ ಲೈನ್ ಗೊಳ್ಳೆನ್ನುತ್ತಿತ್ತು. ನಮ್ಮ ಫ್ಲೋರ್ ಮ್ಯಾನೇಜರ್ ಎದುರಿಗೇ ಹೀಗೆ ಹೇಳುತ್ತಿದ್ದೆವು. ಅದೇ ನಮ್ಮ ಗಡಿಯಾರ, ಮಾತಾಡುವಾಗ ನಮ್ಮ ಮುಖ ಬಿಟ್ಟು ತನ್ನ ವಾಚನ್ನೇ ನೋಡುವ ಪುಣ್ಯಾತ್ಮ. ಅವರು ನಮ್ಮನ್ನು ಹಿಡಿಯುವುದಾದರೂ ಹೇಗೆ? ಬೈಗುಳವೆಲ್ಲ "ಅ" ಎಂಬ ಒಂದೇ ಅಕ್ಷರದೊಳಗೆ ಅಡಗಿತ್ತು. ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವರು ಕಾಲರಕ್ಕ. ಅಷ್ಟು ವರ್ಷ ತಲೆಯೆತ್ತದೆ ಹೊಲಿದವರು ಆ "ಅ"ವನ್ನು ಎಷ್ಟು ಉದ್ದ ಎಳೆಯುತ್ತಿದ್ದರೆಂದರೆ, ಒಂದು ಕಾಲರ್ ಹೊಲಿದು ಮುಗಿಸಬಹುದಿತ್ತು. ಒಂದು ತಿಂಗಳಲ್ಲಿ ಅದು ನಮ್ಮ ಬಾಯಿಗೆ ಕೂತುಬಿಟ್ಟಿತು. "ಕುಶಲವೇ?" ಎಂದು ಯಾರಾದರೂ ಅಂದರೆ ಸಾಕು, ಯೋಚಿಸುವ ಮೊದಲೇ ಉತ್ತರ ಬಾಯಿಂದ ಹಾರುತ್ತಿತ್ತು.

ಮೂರನೇ ತಾರೀಖು, ಶುಕ್ರವಾರ, ಇಲಾಖೆಯ ಇನ್‌ಸ್ಪೆಕ್ಟರ್ ಬಂದರು.

ಅವತ್ತು ಬೆಳಗ್ಗೆ ಒಳಗೆ ಹೋಗಿ ನೋಡಿದರೆ ನಮ್ಮ ಲೈನಿನ ಹನ್ನೆರಡು ಮೆಷಿನ್‌ಗಳ ಮೇಲೂ ಪ್ಲಾಸ್ಟಿಕ್ ಹೊದಿಕೆ, "ಸರ್ವಿಸ್" ಎಂಬ ಚೀಟಿ. ಹನ್ನೆರಡು ಜನರಿಗೂ ಕೈಗೊಂದು ಕತ್ತರಿ ಕೊಟ್ಟು ದಾರ ಕತ್ತರಿಸುವ ಉದ್ದನೆಯ ಮೇಜಿನ ಮುಂದೆ ನಿಲ್ಲಿಸಿದರು. ನೋಡಿದವರಿಗೆ ಹೆಲ್ಪರ್‌ಗಳೇ. ರಿಜಿಸ್ಟರಿನಲ್ಲೂ ಹಾಗೇ ಇದೆ. ಅಂದಮೇಲೆ ಉಳಿದದ್ದು ಅವರ ಬಾಯಿಮಾತು ಒಂದೇ. ಕಾಲರಕ್ಕ ಮೆಟ್ಟಿಲ ಬಳಿ ನಿಂತು ಬೆಳಗ್ಗೆಯೇ ಮಾತು ಪಾಠ ಮಾಡಿಕೊಂಡಿದ್ದರು: "ನಾನು ಹೆಲ್ಪರ್ ಅಲ್ಲ ಸಾರ್. ಕಾಲರ್ ಹೊಲೀತೀನಿ. ಒಂದು ಮೆಷಿನ್ ಕೊಡ್ಸಿ, ನಿಮ್ಮೆದುರಿಗೇ ಹೊಲಿದು ತೋರಿಸ್ತೀನಿ." ಉಳಿದ ಹನ್ನೊಂದು ಜನರದ್ದು ಒಂದೇ ಒಪ್ಪಂದ. "ಕಾಲರಕ್ಕ ಏನಂತಾರೋ ನಮ್ದೂ ಅದೇ."

ಇನ್‌ಸ್ಪೆಕ್ಟರ್ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹೆಗಲಿಗೆ ಬಟ್ಟೆ ಚೀಲ, ಜೇಬಿನಲ್ಲಿ ಸ್ವಂತ ಪೆನ್ನು, ಕೊಟ್ಟ ಟೀ ಮುಟ್ಟಲಿಲ್ಲ. ಗಡಿಯಾರ ಪಕ್ಕದಲ್ಲೇ ಅಂಟಿಕೊಂಡಿದ್ದಕ್ಕೆ "ನೀವು ಸ್ವಲ್ಪ ಆ ಕಡೆ ನಿಲ್ಲಿ" ಎಂದರು. ನೆಟ್ಟಗೆ ಕಾಲರಕ್ಕನ ಹತ್ತಿರ ಬಂದರು.

"ದೂರಿನಲ್ಲಿ ಮೊದಲ ಸಹಿ ನಿಮ್ಮದೇ ಅಲ್ವೇನಮ್ಮ? ಎಷ್ಟು ವರ್ಷ ಆಯ್ತು?"

"ಒಂಬತ್ತು ಸಾರ್." ಕತ್ತರಿ ಹಿಡಿದ ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ.

"ಹೆದರಬೇಡಿ. ಇಲ್ಲಿ ಒಂದು ಕಾಲಂ ಇದೆ, ಅದಕ್ಕೆ ಉತ್ತರ ಹೇಳಿ, ಸಾಕು." ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ಅದರಲ್ಲಿದ್ದಂತೆಯೇ ಓದಿದರು. "ಕೆಲಸದ ವರ್ಗ. ಕುಶಲವೋ, ಅಕುಶಲವೋ?"

ನಾನು ಅವರ ಬೆನ್ನ ಹಿಂದೆ ಬಂಡಲ್ ಇಟ್ಟುಕೊಂಡು ನಿಂತಿದ್ದೆ. ಕೊರಳಲ್ಲಿ ಟೇಪ್ ಇತ್ತು. ಅದು ಮೂಗಿನ ಕೆಳಗೆ ಹೋಯಿತು. ಸೊಂಟ ಬಗ್ಗಿತು.

ಕಾಲರಕ್ಕನ ಕಣ್ಣು ನನ್ನ ಮೇಲೆ ಬಿತ್ತು. ಅವರ ಎರಡೂ ಕೈ ತಾವಾಗಿಯೇ ಕೂಡಿದವು, ಕತ್ತರಿ ಸಮೇತ.

"ಅಕುಶಲ, ಮಹಾಪ್ರಭು!"

ಮೇಜಿಗೆ ಮೇಜೇ ಗೊಳ್ಳೆಂದಿತು. ಹೆದರಿಕೊಂಡು ಬಿಗಿಹಿಡಿದಿದ್ದ ನಗು ಅಕ್ಕ ಅದು, ಒಬ್ಬರಿಗೂ ತಡೆಯಲಾಗಲಿಲ್ಲ. ಇನ್‌ಸ್ಪೆಕ್ಟರ್ ಕಿವಿ ಕೆಂಪಾಯಿತು. ಅವರು ತಿರುಗುವಷ್ಟರಲ್ಲಿ ನನ್ನ ಟೇಪ್ ಕೊರಳಲ್ಲಿತ್ತು.

ಗಡಿಯಾರ ಎರಡು ಹೆಜ್ಜೆ ಮುಂದೆ ಬಂದರು. "ನೋಡಿ ಸಾರ್, ನಮ್ಮಲ್ಲಿ ಎಲ್ರೂ ಹೀಗೇ, ಸಂತೋಷವಾಗಿದಾರೆ."

"ಅಯ್ಯೋ ಸಾರ್, ಇಲ್ಲ, ಅದು ತಮಾಷೆಗೆ..." ಎಂದರು ಕಾಲರಕ್ಕ.

"ನಾನು ಎರಡು ಬಸ್ ಬದಲಾಯಿಸಿ ಬಂದಿರೋದು ತಮಾಷೆಗಲ್ಲಮ್ಮ."

"ಒಂದು ಮೆಷಿನ್ ಕೊಡ್ಸಿ ಸಾರ್, ಈಗ್ಲೇ ಹೊಲಿದು ತೋರಿಸ್ತೀನಿ."

"ಮೆಷಿನ್ ಎಲ್ಲಾ ಸರ್ವಿಸ್‌ನಲ್ಲಿದಾವೆ ಸಾರ್" ಎಂದರು ಗಡಿಯಾರ, ವಾಚ್ ನೋಡುತ್ತ.

ಇನ್‌ಸ್ಪೆಕ್ಟರ್ ಕಾಲಂನಲ್ಲಿ "ಅಕುಶಲ" ಎಂದೇ ಬರೆದುಕೊಂಡರು. ಮುಂದಿನವರನ್ನು ಕೇಳಿದರು. ಅಷ್ಟು ಹೊತ್ತಿಗೆ ಎಲ್ಲರ ನಗು ಇಂಗಿಹೋಗಿತ್ತು. ಕಾಲರಕ್ಕ ಹೇಳಿದ್ದೇ ಹೇಳುವುದು ಅಂತ ಮಾತಾಗಿತ್ತಲ್ಲ. ಹನ್ನೊಂದು ಜನರೂ ನೆಲ ನೋಡುತ್ತ "ಕಾಲರಕ್ಕಂದೇ ನಮ್ದೂ ಸಾರ್" ಎಂದರು, ಅವರ ಹೆಸರಿನ ಮುಂದೆಯೂ ಅದೇ ಪದ ಬಿತ್ತು. ಬುಧವಾರ ವರದಿಯ ಪ್ರತಿ ಬಂತು. ಈ ಸಲ ಸಿಲಿಂಡರನ್ನು ಪಕ್ಕಕ್ಕೆ ಸರಿಸಿ, ಎಲ್ಲರಿಗೂ ಕಾಣುವಂತೆ ಅಂಟಿಸಿದ್ದಾರೆ: "ಹನ್ನೆರಡೂ ಜನ ದೂರುದಾರರು ತಾವು ಅಕುಶಲ ವರ್ಗಕ್ಕೆ ಸೇರಿದವರೆಂದು ಸ್ವತಃ ಹೇಳಿಕೆ ನೀಡಿರುತ್ತಾರೆ." ಅದನ್ನು ದನಿಯೆತ್ತಿ ಓದು ಅಂತ ನನಗೆ ಯಾರೂ ಹೇಳಲಿಲ್ಲ.

ಕಾಲರಕ್ಕ ಬೈಯುತ್ತಾರೆ ಅಂದುಕೊಂಡಿದ್ದೆ. ಮುಖಕ್ಕೆ ಉಗಿಯುತ್ತಾರೆ ಅಂದುಕೊಂಡಿದ್ದೆ. ಅವತ್ತು ಸಾಯಂಕಾಲ ಗೇಟಿನ ಹತ್ತಿರ ನನ್ನ ತಲೆ ಸವರಿದರು.

"ನೀನ್ಯಾಕೆ ಮುಖ ಇಳಿಬಿಟ್ಕೊಂಡಿದೀಯೇ? ನನ್ನ ಕೈ ನಡುಗೋದು ನೋಡಿ ಧೈರ್ಯ ತುಂಬೋಕೆ ಮಾಡ್ದೆ, ನಂಗೆ ಗೊತ್ತಿಲ್ವಾ? ನನ್ನ ಬಾಯಿಗೆ ಬೆಂಕಿ ಹಾಕ. ಅದಕ್ಕೆ ಬೇರೆ ಹೊತ್ತು ಸಿಗ್ಲಿಲ್ಲ."

ಅಮ್ಮ ಒಂದು ಸಲ ನನಗೆ ಸೌಟಿನಲ್ಲಿ ಹೊಡೆದದ್ದು ನಿನಗೆ ನೆನಪಿರಬಹುದು. ಅದು ಇದರಷ್ಟು ನೋವಾಗಿರಲಿಲ್ಲ.

ವರದಿ ಒಪ್ಪದವರು ತನಿಖೆಯಾದ ಹದಿನೈದು ದಿನದೊಳಗೆ ಮರುತನಿಖೆಗೆ ಅರ್ಜಿ ಹಾಕಬಹುದಂತೆ. ಅಂದರೆ ಬರುವ ಶನಿವಾರದವರೆಗೆ. ಕಾಲರಕ್ಕ ಒಬ್ಬರೇ ಇಲಾಖೆಗೆ ಹೋಗಿ ಕೇಳಿಕೊಂಡು ಬಂದರು, ಅರ್ಧ ದಿನದ ಸಂಬಳ ಬಿಟ್ಟು. ಅಲ್ಲಿಯ ಗುಮಾಸ್ತೆ ಮೊದಲು "ನೀವೇನಾ ಆ ಮಹಾಪ್ರಭು ಅಂದವರು?" ಎಂದು ಕೇಳಿದಳಂತೆ, ಆಮೇಲೆ ಕೆಲಸದ ಮಾತೊಂದನ್ನು ಹೇಳಿದಳಂತೆ: "ಬಾಯಿ ತಪ್ಪಿ ಹೇಳ್ಬಿಟ್ಟೆ ಅಂದ್ರೆ ಅರ್ಜಿ ನಿಲ್ಲಲ್ಲಮ್ಮ. ಹಾಗೆ ಯಾಕೆ ಹೇಳಿದ್ರಿ ಅನ್ನೋದಕ್ಕೆ ಗಟ್ಟಿ ಕಾರಣ ಬರೀಬೇಕು." ಕಾಲರಕ್ಕ ಬಂದು ಆ ಕೆಲಸ ನನಗೇ ಒಪ್ಪಿಸಿದರು. "ಕಾರಣ ನೀನೇ ಏನಾದ್ರೂ ಯೋಚ್ನೆ ಮಾಡಿ ಬರಿ. ನಿಂಗೆ ಪದ ಹೊಳೆಯುತ್ತೆ." ನಾಳೆ ಊಟದ ಬಿಡುವಿನಲ್ಲಿ ಹನ್ನೆರಡು ಜನರ ಮುಂದೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಆಮೇಲೆ ಅವರ ಸಹಿ.

ಬೆಳಗ್ಗೆಯಿಂದ ಅದನ್ನೇ ಬರೆಯುತ್ತಿದ್ದೆ. ಆರು ಸಾಲಾಗಿದೆ. ಹೊದಿಕೆ ಹಾಕಿದ ಮೆಷಿನ್, ಕೈಗೆ ಕೊಟ್ಟ ಕತ್ತರಿ, ಕೇಳಿದರೂ ಕೊಡದ ಮೆಷಿನ್, ಎಲ್ಲ ಬರೆದಿದ್ದೇನೆ. ನಿನ್ನನ್ನು ಕೇಳದೆ ಒಂದು ಅಧಿಕಪ್ರಸಂಗವನ್ನೂ ಮಾಡಿದ್ದೇನೆ. ಹದಿಮೂರನೆಯವಳಾಗಿ ನಿನ್ನ ಹೆಸರು ಸೇರಿಸಿ, ನಿನ್ನ ಹಳೆಯ ಚೀಟಿಯ ನಕಲು ಲಗತ್ತಿಸಿದ್ದೇನೆ. ಬೇಡವಾದರೆ ಶನಿವಾರದೊಳಗೆ ಸುದ್ದಿ ಕಳಿಸು.

ಲೈನ್ ಈಗ ಸಪ್ಪೆಯಾಗಿದೆ. ಮಂಗಳವಾರ ಕಫ್ ಹೊಲಿಯುವ ಹೊಸ ಹುಡುಗಿ ಅಭ್ಯಾಸಬಲದಿಂದ "ಕುಶಲವೇ?" ಎಂದುಬಿಟ್ಟಳು. ಎಲ್ಲರೂ ತಂತಮ್ಮ ಪೀಸಿನ ಮೇಲೆ ಬಗ್ಗಿದರು.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಗಳಿಗೆ ಚಿಕ್ಕಮ್ಮನ ಆಶೀರ್ವಾದಗಳು: ಉಳಿದ ಹಲ್ಲುಗಳೂ ಯಥಾಕಾಲದಲ್ಲಿ, ಯಾವ ಅಂಗಡಿಯವರ ಅಪ್ಪಣೆಗೂ ಕಾಯದೆ ಹುಟ್ಟಲಿ. ಅವಳು ಚೆನ್ನಾಗಿ ನಗಲಿ. ಯಾರೋ ಹೇಳಿದರು ಎಂದು ಮಾತ್ರ ನಗದಿರಲಿ. ಅಮ್ಮ "ನಂದೂ ಬರಿ, ನಂದೂ ಬರಿ" ಎಂದು ಪಕ್ಕದಲ್ಲಿ ಕೂತಿದ್ದಾಳೆ. ಅವಳ ಆಶೀರ್ವಾದವನ್ನೂ ಇದರಲ್ಲೇ ಸೇರಿಸಿಕೊಳ್ಳತಕ್ಕದ್ದು.

ನಿನ್ನ
ತರಲೆ ತಂಗಿ

ಮರೆತ ಮಾತು:

ಮರೆತದ್ದೇನೂ ಅಲ್ಲ. ಅಮ್ಮ ಎದ್ದು ಹೋಗಲಿ ಅಂತ ಕಾಯುತ್ತಿದ್ದೆ.

ಮೇಲೆ ಟೇಪ್ ಮೂಗಿನ ಕೆಳಗೆ "ಹೋಯಿತು" ಎಂದು ಬರೆದಿದ್ದೇನೆ, ಸೊಂಟ "ಬಗ್ಗಿತು" ಎಂದು. ಟೇಪಿಗೆ ಕಾಲಿಲ್ಲ ಅಕ್ಕ. ಹಿಡಿದವಳು ನಾನು, ಬಗ್ಗಿದವಳು ನಾನು.

ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ, ಸಾಯಂಕಾಲದ ಬೆಲ್ ಆದಮೇಲೆ ಗಡಿಯಾರ ನನ್ನನ್ನು ರೂಮಿಗೆ ಕರೆದರು. ಕುರ್ಚಿ ತೋರಿಸಿ ಕೂರಿಸಿದರು. ಆ ರೂಮಿನಲ್ಲಿ ನಿನ್ನನ್ನಾಗಲಿ ಕಾಲರಕ್ಕನನ್ನಾಗಲಿ ಒಂದು ದಿನವಾದರೂ ಕೂರಿಸಿದ್ದರಾ? ವಾಚ್ ನೋಡಲಿಲ್ಲ, ನನ್ನನ್ನೇ ನೋಡಿ ಮಾತಾಡಿದರು. "ಬೆಳಗ್ಗೆ ಅದೇನೋ ಹೇಳಿಸ್ತೀಯಲ್ಲಮ್ಮ, ಕುಶಲ ಅಕುಶಲ ಅಂತ? ನಂಗೆ ಅರ್ಥ ಆಗಲ್ಲ ಅಂದ್ಕೊಂಡಿದ್ಯಾ? ಚೆನ್ನಾಗಿದೆ. ನಾಳೆ ಬರೋರ ಮುಂದೆ ಎಲ್ರೂ ಮುಖ ಗಂಟು ಹಾಕ್ಕೊಂಡು ನಿಲ್ಲೋದು ಬೇಡ. ಸ್ವಲ್ಪ ನಗ್ಸು, ಅಷ್ಟೇ." ಕಾಲರಕ್ಕನ ಹೆಸರೆತ್ತಲಿಲ್ಲ. ಹೀಗೇ ಮಾಡು ಎನ್ನಲಿಲ್ಲ. ನಾನು ಬಾಗಿಲಿಗೆ ಬಂದಾಗ "ಚೆಕಿಂಗ್‌ಗೆ ಒಬ್ರು ಬೇಕು" ಎಂದರು.

ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ನನಗೆ ನಾನೇ ಇಷ್ಟು ದಿನ ಹೇಳಿಕೊಂಡೆ. ಇನ್‌ಸ್ಪೆಕ್ಟರ್ ಆ ಪದ ಓದಿದಾಗ ನಾನು ಮೊದಲು ನೋಡಿದ್ದು ಗಡಿಯಾರದ ಮುಖ, ಆಮೇಲೆ ಕಾಲರಕ್ಕನದು.

ಮೊನ್ನೆ ಶುಕ್ರವಾರದಿಂದ ನಾನು ಹೆಲ್ಪರ್ ಅಲ್ಲ, ಚೆಕಿಂಗ್ ಮೇಜಿನಲ್ಲಿದ್ದೇನೆ, ಅರೆಕುಶಲ. ರಿಜಿಸ್ಟರ್ ತಿದ್ದಲು ಅವರಿಗೆ ಬರುತ್ತದೆ ಅಕ್ಕ, ಎರಡೇ ನಿಮಿಷದ ಕೆಲಸ, ನನ್ನೆದುರಿಗೇ ತಿದ್ದಿದರು. ಕಾಲರಕ್ಕ ಓಡಿಬಂದು ನನ್ನ ಕೈ ಹಿಡಿದುಕೊಂಡರು. "ಒಬ್ಳಾದ್ರೂ ಮೇಲೆ ಹೋದ್ಯಲ್ಲೇ."

ಗಟ್ಟಿ ಕಾರಣ ಬೇಕು ಅಂದಳಲ್ಲ ಆ ಗುಮಾಸ್ತೆ, ಇದಕ್ಕಿಂತ ಗಟ್ಟಿಯಾದದ್ದು ಇಲ್ಲ. ಈಗ ತಾನೇ ಇದನ್ನು ಅರ್ಜಿಯಲ್ಲಿ ಏಳನೇ ಸಾಲಾಗಿ ಬರೆದು ಕೆಳಗೆ ನನ್ನ ಸಹಿ ಹಾಕಿದೆ. ನಾಳೆ ಓದುವಾಗ ಆರನೆಯದಕ್ಕೇ ನಿಲ್ಲಿಸಿ ಹಾಳೆ ಮಡಚಿಬಿಡುತ್ತೇನೇನೋ ಎಂದು ನನ್ನ ಮೇಲೆ ನನಗೇ ಅನುಮಾನ. ಅದಕ್ಕೇ ಈ ಪತ್ರವನ್ನು ಈಗಲೇ ಹೋಗಿ ಅಂಚೆ ಡಬ್ಬಿಗೆ ಹಾಕುತ್ತೇನೆ. ಆಮೇಲೆ ನಿನಗೆ ಗೊತ್ತಿರುತ್ತದೆ, ನುಂಗುವ ಹಾಗಿಲ್ಲ.

ಉತ್ತರ ಬರೆಯುವುದಾದರೆ ಬೈದು ಬರಿ. ತಮಾಷೆ ಮಾಡಿ ಮಾತ್ರ ಬರೀಬೇಡ.